ಶಸ್ತ್ರಚಿಕಿತ್ಸೆಯ ನಂತರ ಸೂಜಿ–ದಾರ: ಕೌದಿಗೂ ಒಂದು ಲೆಕ್ಕವಿರಲಿ

ಶಸ್ತ್ರಚಿಕಿತ್ಸೆ ಮುಗಿದು ಮನೆಗೆ ಹೊರಟವರಿಗೆ ವೈದ್ಯರು ಹೇಳುವ ಮೊದಲ ಮಾತು ‘ವಿಶ್ರಾಂತಿ’. ಆದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ ಕಡೆಯ ಮನೆಗಳಲ್ಲಿ ನಸುಕಿಗೇ ಎದ್ದು, ನೀರು ತಂದು, ರೊಟ್ಟಿ ಬಡಿದು, ಹೊಲಕ್ಕೆ ಬುತ್ತಿ ಒಯ್ದು ರೂಢಿಯಾದ ಹೆಣ್ಣುಮಕ್ಕಳಿಗೆ ಬರಿಗೈಯಲ್ಲಿ ಕೂಡುವುದೇ ದೊಡ್ಡ ಶಿಕ್ಷೆ. ನಾಲ್ಕು ದಿನ ಕಳೆಯುವಷ್ಟರಲ್ಲಿ ಬೇಸರ ಬಂದು ಕೊಡ ಎತ್ತುತ್ತಾರೆ, ಇಲ್ಲವೇ ‘ಕೂತಲ್ಲೇ ಮಾಡುವ ಕೆಲಸ ತಾನೆ’ ಎಂದು ಕೌದಿ ಹರವಿಕೊಂಡು ದಿನವಿಡೀ ಬಗ್ಗಿ ಹೊಲಿಯುತ್ತಾರೆ. ಎರಡೂ ತಪ್ಪು. ಸರಿಯಾಗಿ ಯೋಜಿಸಿಕೊಂಡರೆ ಹೊಲಿಗೆ, ಹೆಣಿಕೆಗಳು ಚೇತರಿಕೆಗೆ ಒಳ್ಳೆಯ ಸಂಗಾತಿಗಳು. ಯೋಜನೆ ಇಲ್ಲದಿದ್ದರೆ ಅವೇ ತೊಂದರೆಗೆ ದಾರಿ.

ಒಳಗಿನ ಹೊಲಿಗೆಯ ಕಥೆ

ಚರ್ಮದ ಹೊಲಿಗೆಗಳನ್ನು ಸಾಮಾನ್ಯವಾಗಿ 7ರಿಂದ 10 ದಿನಗಳಲ್ಲಿ ಬಿಚ್ಚುತ್ತಾರೆ. ಹೊಲಿಗೆ ಬಿಚ್ಚಿದರೆ ಗಾಯ ಪೂರ್ತಿ ವಾಸಿಯಾಯಿತು ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ವಾಸ್ತವ ಹಾಗಿಲ್ಲ. ಗಾಯದ ಎರಡು ಅಂಚುಗಳನ್ನು ದೇಹವು ‘ಕೊಲಾಜೆನ್’ ಎಂಬ ಎಳೆಗಳನ್ನು ನೇಯ್ದು ಕೂಡಿಸುತ್ತದೆ. ಈ ನೇಯ್ಗೆ ನಿಧಾನದ್ದು. ಮೊದಲ ವಾರದ ಕೊನೆಗೆ ಗಾಯದ ಜಾಗಕ್ಕೆ ಮೊದಲಿನ ಬಲದ ತೀರ ಸಣ್ಣ ಪಾಲು ಮಾತ್ರ ಬಂದಿರುತ್ತದೆ; ಮೂರು ವಾರಕ್ಕೆ ಸುಮಾರು ಮೂರನೆಯ ಒಂದು ಭಾಗ; ಮೂರು ತಿಂಗಳಿಗೆ ಹೆಚ್ಚೆಂದರೆ ಶೇ 80ರಷ್ಟು.

ಒಂದು ಲೀಟರ್ ನೀರಿನ ತೂಕ ಒಂದು ಕಿಲೊ. ಹದಿನೈದು ಲೀಟರಿನ ತುಂಬಿದ ಕೊಡ ಎಂದರೆ ಹದಿನೈದು ಕಿಲೊ. ಗರ್ಭಕೋಶ ತೆಗೆಸಿಕೊಂಡವರು, ಸಿಸೇರಿಯನ್ ಆದ ಬಾಣಂತಿಯರು ಹೊಲಿಗೆ ಬಿಚ್ಚಿದ ಮರುದಿನವೇ ಇಂಥ ಭಾರ ಎತ್ತಿದರೆ ಒಳಪದರ ಬಿರಿದು, ಮುಂದೆ ಆ ಜಾಗದಲ್ಲಿ ಅಂಡವಾಯು ಅಂದರೆ ಹರ್ನಿಯಾ ಆಗುವ ಸಂಭವವಿದೆ. ಹೊಟ್ಟೆಯ ದೊಡ್ಡ ಶಸ್ತ್ರಚಿಕಿತ್ಸೆಯ ನಂತರ ಸುಮಾರು ಆರು ವಾರ ಭಾರ ಎತ್ತಬಾರದೆಂದು ವೈದ್ಯರು ಹೇಳುವುದು ಇದಕ್ಕಾಗಿಯೇ.

ಕೌದಿಯೂ ಹಗುರವಲ್ಲ. ಹಳೆಯ ಸೀರೆ, ಧೋತರಗಳ ಹಲವು ಪದರ ಸೇರಿಸಿ ಹೊಲಿದ ಕೌದಿ ಒಣಗಿದ್ದಾಗಲೇ ಭಾರ; ನೆನೆದರೆ ಇಬ್ಬರು ಹಿಂಡಬೇಕು. ನವರಾತ್ರಿಗೆ ಮೊದಲು ಮನೆಯ ಹಾಸಿಗೆ, ಹೊದಿಕೆಗಳನ್ನೆಲ್ಲ ತೊಳೆಯುವ ಪದ್ಧತಿ ನಮ್ಮಲ್ಲಿದೆ. ಆ ಸಮಯದಲ್ಲಿ ಶಸ್ತ್ರಚಿಕಿತ್ಸೆಯಾದವರು ಮನೆಯಲ್ಲಿದ್ದರೆ ತೊಳೆಯುವ ಕೆಲಸ ಉಳಿದವರ ಪಾಲಿಗಿರಲಿ.

ಹೊಲಿಗೆಯಿಂದ ಏನು ಲಾಭ?

ಕೈಗೆ ಕೆಲಸ ಸಿಕ್ಕರೆ ಮನಸ್ಸು ನೋವಿನ ಕಡೆಗೇ ಹೋಗುವುದು ತಪ್ಪುತ್ತದೆ. ಮೊದಲ ಮಹಾಯುದ್ಧದ ಕಾಲದಲ್ಲಿ ಗಾಯಾಳು ಸೈನಿಕರಿಗೆ ಆಸ್ಪತ್ರೆಗಳಲ್ಲಿ ಬುಟ್ಟಿ ಹೆಣೆಯುವ, ನೇಯುವ, ಹೊಲಿಯುವ ಕೆಲಸ ಕೊಡುತ್ತಿದ್ದರು. ಇಂದಿನ ‘ಆಕ್ಯುಪೇಶನಲ್ ಥೆರಪಿ’ ಶಾಖೆ ಬೆಳೆದದ್ದು ಇಂಥ ಅನುಭವದಿಂದ. ಹೆಣಿಕೆ ಮಾಡುವ ಸುಮಾರು ಮೂರೂವರೆ ಸಾವಿರ ಜನರನ್ನು ಕೇಳಿ ನಡೆಸಿದ ಒಂದು ಸಮೀಕ್ಷೆ 2013ರಲ್ಲಿ ಬ್ರಿಟನ್ನಿನ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. ಹೆಚ್ಚು ಸಲ ಹೆಣೆಯುವವರಲ್ಲಿ ಮನಸ್ಸು ಶಾಂತವಾಗಿದೆ ಎಂದು ಹೇಳಿದವರು ಹೆಚ್ಚು. ಇದು ಅವರವರು ಹೇಳಿದ ಮಾತೇ ಹೊರತು ಔಷಧದಂತೆ ಪರೀಕ್ಷಿಸಿದ್ದಲ್ಲ. ಹೊಲಿಗೆಯು ಗುಳಿಗೆಗೆ ಬದಲಿ ಆಗಲಾರದು. ದಿನ ದೂಡಲು ಆಸರೆಯಾಗಬಲ್ಲದು.

ಆಸ್ಪತ್ರೆಗೆ ಹೋಗುವ ಮುನ್ನ

ತಾರೀಖು ಮೊದಲೇ ಗೊತ್ತಾಗಿದ್ದರೆ ತಯಾರಿಯೂ ಮೊದಲೇ ಆಗಲಿ. ಹಳೆಯ ಬಟ್ಟೆಗಳನ್ನು ಸೋಪು ಹಾಕಿ ತೊಳೆದು, ಬಿಸಿಲಿಗೆ ಚೆನ್ನಾಗಿ ಒಣಗಿಸಿಡಿ. ಗಂಟಿನಿಂದ ಬಿಚ್ಚಿದ ಬಟ್ಟೆಯ ಧೂಳು ಕೆಮ್ಮು, ಸೀನು ತರಿಸುತ್ತದೆ; ಹೊಟ್ಟೆಯ ಗಾಯವಿದ್ದಾಗ ಒಂದೊಂದು ಕೆಮ್ಮೂ ಸಂಕಟ. ಕತ್ತರಿಸುವ ಕೆಲಸವನ್ನೆಲ್ಲ ಮುಗಿಸಿ, ಗೇಣುದ್ದದ ತುಂಡುಗಳನ್ನು ಬಣ್ಣವಾರು ಜೋಡಿಸಿಡಿ. ಹತ್ತು ಸೂಜಿಗೆ ದಾರ ಪೋಣಿಸಿ ಒಂದು ದಪ್ಪ ಬಟ್ಟೆಗೆ ಚುಚ್ಚಿಡಿ. ಉಲ್ಲನ್ ಲಡಿಗಳನ್ನು ಉಂಡೆ ಸುತ್ತಿಡಿ. ಎಲ್ಲವನ್ನೂ ಒಂದೇ ಹಗುರ ಚೀಲದಲ್ಲಿ, ಬಗ್ಗದೆ ಕೈಗೆ ಸಿಗುವ ಎತ್ತರದಲ್ಲಿ ಇಡಬೇಕು.

ವಾರವಾರು ಕೆಲಸ

ಮೊದಲ ವಾರ: ನೋವಿನ ಗುಳಿಗೆಗಳಿಂದ ಮಂಪರು ಇರುತ್ತದೆ. ಕತ್ತರಿ, ದಬ್ಬಣ ಬೇಡ. ಬಣ್ಣ ಹೊಂದಿಸುವುದು, ದಪ್ಪ ಉಲ್ಲನ್‌ನಲ್ಲಿ ಕ್ರೋಶಾ ಸರಪಳಿ ಹಾಕುವುದು ಸಾಕು. ಒಂದು ಸಲಕ್ಕೆ ಹತ್ತು ನಿಮಿಷ.

ಎರಡು–ಮೂರನೆಯ ವಾರ: ಎರಡೆರಡು ತುಂಡು ಕೂಡಿಸುವ ನೇರ ಹೊಲಿಗೆ, ಮಗುವಿನ ಕುಲಾವಿ, ಸಣ್ಣ ಚೀಲ. ಒಂದು ಸಲಕ್ಕೆ 15–20 ನಿಮಿಷ.

ನಾಲ್ಕರಿಂದ ಆರನೆಯ ವಾರ: ತುಂಡುಗಳನ್ನು ಪಟ್ಟಿಗಳಾಗಿ ಜೋಡಿಸಬಹುದು, ಕೂಸಿನ ಕುಂಚಿಗೆ ಹೊಲಿಯಬಹುದು. ಪದರ ಹಾಸಿ ಇಡೀ ಕೌದಿ ಹೊಲಿಯುವುದು ವೈದ್ಯರು ಒಪ್ಪಿದ ಮೇಲೆ. ಆಗಲೂ ಹಾಸುವುದು, ಮಡಚುವುದು, ಎತ್ತುವುದು ಬೇರೆಯವರಿಂದಾಗಲಿ.

ಎಳೆ ಎಣಿಸಿ ಹಾಕುವ ಕಸೂತಿ, ಕನ್ನಡಿ–ಕವಡೆ ಕೂರಿಸುವ ಲಂಬಾಣಿ ಕಸೂತಿ ಎರಡಕ್ಕೂ ಕಣ್ಣು, ಕುತ್ತಿಗೆ, ಗಮನ ಬಹಳ ಬೇಕು. ತಾಂಡಾದ ನುರಿತ ಕೈಗಳಿಗೂ ಮೊದಲ ದಿನಗಳಲ್ಲಿ ಅದು ಬೇಡ. ತಪ್ಪಿದರೆ ಬಿಚ್ಚುವ ಬೇಸರವಿಲ್ಲದ ಕೆಲಸವನ್ನೇ ಆರಿಸಿಕೊಳ್ಳಿ.

ಕೂಡುವ ಬಗೆ

ನೆಲದ ಮೇಲೆ ಕೂತು ಬಗ್ಗಿ ಹೊಲಿದರೆ ಹೊಟ್ಟೆಯ ಗಾಯ ಒತ್ತುತ್ತದೆ, ಬೆನ್ನು ಹಿಡಿಯುತ್ತದೆ. ಬೆನ್ನಿಗೆ ಆನಿಕೆ ಇರುವ ಕುರ್ಚಿಯಲ್ಲಿ ಕೂತು, ಮಡಿಲಲ್ಲಿ ತಲೆದಿಂಬು ಇಟ್ಟು, ಅದರ ಮೇಲೆ ಕೆಲಸ ಇಟ್ಟುಕೊಳ್ಳಿ. ಪಡಸಾಲೆಯ ಬಾಗಿಲ ಬಳಿ ಹಗಲು ಬೆಳಕಿನಲ್ಲಿ ಹೊಲಿಯುವುದು ಉತ್ತಮ.

ಅತಿ ಮುಖ್ಯವಾದ ಮಾತು: ಶಸ್ತ್ರಚಿಕಿತ್ಸೆಯ ನಂತರ ತಾಸುಗಟ್ಟಲೆ ಅಲುಗದೆ ಕೂತರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಬಹುದು. ಆ ಹೆಪ್ಪು ಪುಪ್ಪುಸಕ್ಕೆ ಹೋದರೆ ಜೀವಕ್ಕೇ ಅಪಾಯ. ಆದ್ದರಿಂದ ಒಂದು ದಾರ ಮುಗಿದ ಕೂಡಲೇ ಎದ್ದು ಮನೆಯೊಳಗೆ ನಾಲ್ಕು ಹೆಜ್ಜೆ ಹಾಕಿ, ನೀರು ಕುಡಿದು, ಆಮೇಲೆ ಮುಂದಿನ ದಾರ ಹಿಡಿಯಿರಿ. ದಾರವನ್ನು ಮೊಳದುದ್ದವೇ ಇಟ್ಟುಕೊಂಡರೆ ಅದೇ ಗಡಿಯಾರ.

ಯಾರಿಗೆ ವಿಶೇಷ ಎಚ್ಚರ?

ಕಣ್ಣಿನ ಪೊರೆ ತೆಗೆಸಿಕೊಂಡವರು ಕಣ್ಣು ಉಜ್ಜಬಾರದು, ಧೂಳು ತಾಗಿಸಿಕೊಳ್ಳಬಾರದು. ಓದಲು, ಹೊಲಿಯಲು ಬೇಕಾದ ಕನ್ನಡಕದ ನಂಬರು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರಗಳಲ್ಲಿ ನಿಲ್ಲುತ್ತದೆ. ಅಲ್ಲಿಯವರೆಗೆ ಸೂಕ್ಷ್ಮ ಕೆಲಸ ಬೇಡ.

ಮೊಣಕಾಲಿನ ಕೀಲು ಬದಲಿಸಿಕೊಂಡವರು ಹೊಲಿಗೆಗಾಗಿ ನೆಲಕ್ಕೆ ಕೂಡಬಾರದು. ಮೊಣಕಾಲಿನ ಕೆಳಗೆ ದಿಂಬು ಇಟ್ಟು ಮಡಚಿಕೊಂಡೇ ಇರುವುದೂ ಒಳ್ಳೆಯದಲ್ಲ.

ಸ್ತನ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯಲ್ಲಿ ಕಂಕುಳಿನ ಗ್ರಂಥಿ ತೆಗೆದಿದ್ದರೆ ಆ ಬದಿಯ ಕೈಗೆ ಸಣ್ಣ ಚುಚ್ಚು ಗಾಯವೂ ನಂಜಾಗಿ ಬಾವು ತರಬಹುದು. ಇಂಥವರು ಬೆರಳಿಗೆ ಲೋಹದ ಟೋಪಿ ತೊಟ್ಟೇ ಹೊಲಿಯಬೇಕು. ಮೊಂಡು ತುದಿಯ ಕ್ರೋಶಾ ಕಡ್ಡಿ ಇನ್ನೂ ಸುರಕ್ಷಿತ.

ಸಕ್ಕರೆ ಕಾಯಿಲೆ ಇದ್ದವರಿಗೆ ಸೂಜಿ ಚುಚ್ಚಿದ್ದು ಗೊತ್ತೇ ಆಗದಿರಬಹುದು. ರಕ್ತ ತೆಳುವಾಗಿಸುವ ಗುಳಿಗೆ ನುಂಗುವವರಿಗೆ ಚುಚ್ಚಿದರೆ ರಕ್ತ ಬೇಗ ನಿಲ್ಲದು. ಸ್ವಚ್ಛ ಬಟ್ಟೆಯಿಂದ ಒತ್ತಿ ಹಿಡಿಯಬೇಕು. ತುಕ್ಕು ಹಿಡಿದ ಸೂಜಿಯನ್ನು ಯಾರೂ ಬಳಸಬಾರದು. ಬಾಣಂತಿಯ ಹಾಸಿಗೆಯಲ್ಲಿ ಸೂಜಿ ಬಿದ್ದರೆ ಕೂಸಿಗೆ ಅಪಾಯ. ಎಣಿಸಿ ತೆಗೆದು, ಎಣಿಸಿಯೇ ಇಡಿ.

ತಡ ಮಾಡದೆ ಆಸ್ಪತ್ರೆಗೆ ಹೋಗಬೇಕಾದುದು ಯಾವಾಗ?

ಗಾಯ ಕೆಂಪಾಗಿ ಬಾತರೆ, ಕೀವು ಅಥವಾ ದುರ್ವಾಸನೆ ಬಂದರೆ, ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ, ಒಂದೇ ಕಾಲಿನ ಮೀನಖಂಡ ಬಾತು ನೋಯುತ್ತಿದ್ದರೆ ಅಂದೇ ತೋರಿಸಬೇಕು. ಏಕಾಏಕಿ ಉಸಿರು ಕಟ್ಟಿದರೆ, ಎದೆ ನೋವು ಬಂದರೆ 108ಕ್ಕೆ ಕರೆ ಮಾಡಿ. ನಾಲ್ಕೂ ಊರುಗಳಲ್ಲಿ ತಾಲ್ಲೂಕು ಆಸ್ಪತ್ರೆಗಳಿವೆ. ‘ಮುಂದಿನ ವಾರ ವಿಜಯಪುರಕ್ಕೆ ಹೋದಾಗ ತೋರಿಸೋಣ’ ಎಂದು ಕಾಯಬೇಡಿ. ಎರಡು ವಾರ ಕಳೆದರೂ ಅಳು, ನಿದ್ರೆಗೇಡು, ಯಾವುದರಲ್ಲೂ ಮನಸ್ಸಿಲ್ಲದಿರುವುದು ಮುಂದುವರಿದರೆ ಅದನ್ನೂ ವೈದ್ಯರಿಗೆ ಹೇಳಬೇಕು. ‘ಟೆಲಿ ಮಾನಸ್’ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು.

ಮನೆಯವರಿಗೊಂದು ಮಾತು. ಅತ್ತೆಯೋ ಸೊಸೆಯೋ ಕೂತು ಹೊಲಿಯುತ್ತಿರುವುದನ್ನು ಕಂಡು ‘ಹೊಲಿಯಲು ಬರುತ್ತದೆ, ರೊಟ್ಟಿ ಬಡಿಯಲು ಬರುವುದಿಲ್ಲವೇ?’ ಎನ್ನಬೇಡಿ. ಮಡಿಲಲ್ಲಿ ಹಗುರವಾಗಿ ಸೂಜಿ ಆಡಿಸುವುದಕ್ಕೂ, ತೋಳು ಬೀಸಿ ರೊಟ್ಟಿ ಬಡಿಯುವುದಕ್ಕೂ, ಕೊಡ ಎತ್ತುವುದಕ್ಕೂ ಬಹಳ ಅಂತರವಿದೆ. ಆರು ವಾರ ನೀರು ತರುವ ಕೆಲಸವನ್ನು ಗಂಡಸರು ವಹಿಸಿಕೊಂಡರೆ ಮತ್ತೊಂದು ಶಸ್ತ್ರಚಿಕಿತ್ಸೆಯ ಖರ್ಚು, ಕಷ್ಟ ಎರಡೂ ತಪ್ಪಬಹುದು. ಕೌದಿ ಈ ಸುಗ್ಗಿಗೆ ಮುಗಿಯದಿದ್ದರೆ ಮುಂದಿನ ಸುಗ್ಗಿಗೆ ಮುಗಿದೀತು. ಗಾಯ ಮಾತ್ರ ಒಂದೇ ಸಲಕ್ಕೆ ಸರಿಯಾಗಿ ಕೂಡಬೇಕು.