ನಕ್ಷತ್ರ ಐದು, ಅತಿಥಿ ಒಬ್ಬರೇ
ಹೋಟೆಲಿನ ನಕ್ಷತ್ರಗಳು ಮುಖ್ಯವಾಗಿ ಸೌಕರ್ಯವನ್ನು ಅಳೆಯುತ್ತವೆ, ಆದರವನ್ನಲ್ಲ. ಜಗತ್ತಿಗೆಲ್ಲ ಒಂದೇ ಅಳತೆಗೋಲೂ ಇಲ್ಲ. ಯುರೋಪಿನ ಕೆಲವು ದೇಶಗಳು 2009ರಲ್ಲಿ ಸಮಾನ ಅಳತೆಗೋಲಿಗಾಗಿ ಹೋಟೆಲ್‌ಸ್ಟಾರ್ಸ್ ಯೂನಿಯನ್ ಕಟ್ಟಿಕೊಂಡವು. ಫ್ರಾನ್ಸಿನದು ಬೇರೆಯದೇ ಪದ್ಧತಿ. ದುಬೈನ ಬುರ್ಜ್ ಅಲ್ ಅರಬ್‌ಗೆ ಅಂಟಿಕೊಂಡ 'ಏಳು ನಕ್ಷತ್ರ' ಯಾವ ಸರ್ಕಾರವೂ ಕೊಟ್ಟದ್ದಲ್ಲ.

ನಕ್ಷತ್ರ ಐದಿದ್ದರೂ ಒಬ್ಬರೇ ಹೋದವರಿಗೆ ನಿರಾಸೆಯಾಗಲು ಇನ್ನೂ ಆಳದ ಕಾರಣವಿದೆ: ದರ ಸಾಮಾನ್ಯವಾಗಿ ಇಬ್ಬರಿಗೆಂದೇ ನಿಗದಿಯಾಗಿರುತ್ತದೆ. ಕೋಣೆಯಲ್ಲಿ ಎರಡು ನಿಲುವಂಗಿ, ಎರಡು ಜೊತೆ ಚಪ್ಪಲಿ. ಊಟಕ್ಕೆ ಹೋದರೆ ಎಷ್ಟೋ ಸಲ ಅಡುಗೆಮನೆ ಬಾಗಿಲ ಪಕ್ಕದ ಮೇಜು. ಒಬ್ಬರಿದ್ದರೂ ಕೋಣೆಯ ಖರ್ಚು ಅಷ್ಟೇ ಎಂಬುದು ಮಾಲೀಕರ ವಾದ. ಬಾಡಿಗೆಯ ಮಟ್ಟಿಗೆ ಒಪ್ಪೋಣ. ಆದರೆ ತಿನ್ನದ ಎರಡನೇ ತಿಂಡಿಗೂ ಹಣ ಕೇಳುವುದು ನ್ಯಾಯವಲ್ಲ. ಕಾದಿರಿಸುವ ಮುನ್ನವೇ ಒಬ್ಬರ ದರವೆಷ್ಟೆಂದು ಕೇಳಿ, ಉತ್ತರವನ್ನು ಬರಹದಲ್ಲೇ ಪಡೆಯಿರಿ.