ಸೈಕಲ್ ಚೈನು ಸವೆದಿದೆಯೇ? ಸ್ಕೇಲ್ ಹಿಡಿದು ನೋಡಿ!

ಕುಕ್ಕರಿನ ಗ್ಯಾಸ್ಕೆಟ್ ಸಡಿಲವಾದರೆ ನಮಗೆ ಯಾರೂ ಬಂದು ಹೇಳಬೇಕಾಗಿಲ್ಲ. ವಿಷಲ್ ಬರುವ ಮೊದಲೇ ಪಕ್ಕದಿಂದ ಉಗಿ ಬಂತೆಂದರೆ ಮಾರನೇ ದಿನವೇ ಹೊಸದು ತಂದು ಹಾಕುತ್ತೇವೆ. ಮಿಕ್ಸಿ ಜಾರಿನ ಕೆಳಗಿನ ಕಪ್ಲರ್ ಸವೆದರೂ ಅಷ್ಟೇ, ಸದ್ದಿನಲ್ಲೇ ಗೊತ್ತಾಗಿಬಿಡುತ್ತದೆ. ಆದರೆ ಮಗಳು ದಿನಾ ಟ್ಯೂಷನ್‌ಗೆ ತುಳಿದುಕೊಂಡು ಹೋಗುವ ಸೈಕಲ್? ಅದರ ಚೈನು ‘ಕಟಕಟ’ ಅಂದರೆ, ‘ಶಾಪ್‌ನಲ್ಲಿ ಎಣ್ಣೆ ಬಿಡಿಸ್ಕೊಂಡು ಬಾರೇ’ ಅಂತ ಹೇಳಿ ಒಳಗೆ ಬಂದುಬಿಡುತ್ತೇವೆ. ಸೈಕಲ್ ರಿಪೇರಿ ಗಂಡಸರ ವಿಷಯ ಅಂತ ನಮಗೆ ನಾವೇ ತೀರ್ಮಾನ ಮಾಡಿಕೊಂಡಿದ್ದೇವೆ!

ನಿಜ ಹೇಳಬೇಕೆಂದರೆ ಕುಕ್ಕರಿಗೂ ಸೈಕಲ್ಲಿಗೂ ನಿಯಮ ಒಂದೇ. ಬೇಗ ಸವೆಯುವ ಚಿಕ್ಕ ಭಾಗವನ್ನು ಹೊತ್ತಿಗೆ ಸರಿಯಾಗಿ ಬದಲಿಸಿದರೆ ದುಬಾರಿ ಭಾಗಗಳು ಉಳಿಯುತ್ತವೆ. ಸೈಕಲ್ಲಿನಲ್ಲಿ ಆ ಚಿಕ್ಕ ಭಾಗವೇ ಚೈನು. ಇದು ದುಡ್ಡಿನ ಮಾತಷ್ಟೇ ಅಲ್ಲ. ನಮ್ಮ ಬಡಾವಣೆಯ ಗೆಳತಿಯೊಬ್ಬರ ಮಗಳು ಏರು ರಸ್ತೆಯಲ್ಲಿ ಸೀಟಿನಿಂದ ಎದ್ದು ನಿಂತು ಜೋರಾಗಿ ತುಳಿಯುವಾಗ ಚೈನು ಹಲ್ಲಿನ ಮೇಲಿಂದ ಜಾರಿತು. ಪೆಡಲ್ ಸರ್ರನೆ ಕೆಳಗೆ ಹೋಯಿತು, ಹುಡುಗಿ ಹ್ಯಾಂಡಲ್ ಮೇಲೆ ಬಿದ್ದಳು. ಗಲ್ಲಕ್ಕೆ ನಾಲ್ಕು ಹೊಲಿಗೆ. ಹಿಂದೆ ಬಸ್ಸು ಇರಲಿಲ್ಲ ಎನ್ನುವುದೇ ಪುಣ್ಯ. ವಿಚಿತ್ರ ಎಂದರೆ ಆ ಸೈಕಲ್ಲಿಗೆ ಹಿಂದಿನ ವಾರವಷ್ಟೇ ಹೊಸ ಚೈನು ಹಾಕಿಸಿದ್ದರು!

ಹೊಸ ಚೈನು ಜಾರಿದ್ದೇಕೆ? ಇದು ಅರ್ಥವಾದರೆ ಉಳಿದದ್ದೆಲ್ಲ ಸುಲಭ.

ಚೈನು ‘ಎಳೆಯುವುದು’ ಅಂದರೇನು?

‘ಚೈನು ಎಳೆದುಬಿಟ್ಟಿದೆ ಮೇಡಂ’ ಅಂತ ಮೆಕ್ಯಾನಿಕ್ ಹೇಳುವುದನ್ನು ಕೇಳಿರುತ್ತೀರಿ. ಉಕ್ಕಿನ ಚೈನು ರಬ್ಬರಿನಂತೆ ಹಿಗ್ಗುವುದಿಲ್ಲ. ಅದರಲ್ಲಿ ನೂರರ ಆಸುಪಾಸು ಪುಟ್ಟ ಪಿನ್ನುಗಳಿರುತ್ತವೆ. ರಸ್ತೆಯ ದೂಳು ಎಣ್ಣೆಗೆ ಅಂಟಿ, ಸಾಣೆ ಹಿಡಿದಂತೆ ಪ್ರತಿ ಪಿನ್ನನ್ನೂ ಒಳಗೊಳಗೇ ತೇಯುತ್ತದೆ. ಒಂದೊಂದೂ ಕೂದಲೆಳೆಯಷ್ಟು ಸವೆದರೂ ನೂರು ಸೇರಿದಾಗ ಚೈನು ಒಟ್ಟಾರೆ ಉದ್ದವಾಗುತ್ತದೆ.

ಹೊಸ ಚೈನಿನಲ್ಲಿ ಒಂದು ಪಿನ್ನಿನಿಂದ ಇನ್ನೊಂದಕ್ಕೆ ಸರಿಯಾಗಿ ಅರ್ಧ ಇಂಚು. ಚಕ್ರದ ಹಲ್ಲುಗಳೂ ಅದೇ ಅಳತೆಗೆ ಮಾಡಿರುವಂಥವು. ಚೈನು ಉದ್ದವಾದ ಮೇಲೆ ಅಳತೆ ತಪ್ಪುತ್ತದೆ. ಭಾರ ಎಲ್ಲ ಹಲ್ಲುಗಳ ಮೇಲೂ ಹಂಚಿಹೋಗದೆ ಒಂದೆರಡರ ಮೇಲೇ ಬೀಳುತ್ತದೆ. ಹಲ್ಲುಗಳು ಕೊಕ್ಕೆಯಂತೆ ಬಾಗಿ ಸವೆಯುತ್ತವೆ. ಹಳೇ ಚೈನು, ಹಳೇ ಹಲ್ಲು ಎರಡೂ ಒಟ್ಟಿಗೆ ಸವೆದಿರುವುದರಿಂದ ಹೇಗೋ ಸಂಸಾರ ಸಾಗುತ್ತಿರುತ್ತದೆ. ಅಲ್ಲಿಗೆ ಅರ್ಧ ಇಂಚಿನ ಹೊಸ ಚೈನು ತಂದು ಹಾಕಿದಿರೋ, ಹೊಂದಾಣಿಕೆಯೇ ಆಗುವುದಿಲ್ಲ. ಜೋರಾಗಿ ತುಳಿದಾಗ ಜಾರುತ್ತದೆ. ಗೆಳತಿಯ ಮಗಳಿಗೆ ಆದದ್ದು ಇದೇ. ಚೈನು ಬದಲಿಸುವ ಹೊತ್ತಿಗೆ ತಡವಾಗಿತ್ತು, ಹಿಂದಿನ ಹಲ್ಲುಚಕ್ರವನ್ನು ಯಾರೂ ನೋಡಿರಲಿಲ್ಲ.

ಮಕ್ಕಳ ಸ್ಕೇಲೇ ಸಾಕು

ಇದನ್ನು ಪತ್ತೆ ಮಾಡಲು ದೊಡ್ಡ ಉಪಕರಣ ಬೇಡ. ಮಕ್ಕಳ ಸ್ಕೂಲ್ ಬ್ಯಾಗಿನಲ್ಲಿರುವ ಉದ್ದನೆಯ ಸ್ಕೇಲ್ ತೆಗೆದುಕೊಳ್ಳಿ. ಅದರ ಒಂದು ಬದಿಯಲ್ಲಿ 30 ಸೆಂ.ಮೀ., ಇನ್ನೊಂದು ಬದಿಯಲ್ಲಿ 12 ಇಂಚು ಇರುತ್ತದೆ. ನಮಗೆ ಬೇಕಾದದ್ದು ಇಂಚಿನ ಬದಿ.

ಸೈಕಲ್ ಸ್ಟ್ಯಾಂಡ್ ಹಾಕಿ, ಚೈನನ್ನು ಹಳೇ ಬಟ್ಟೆಯಿಂದ ಒರೆಸಿ. ಪೆಡಲನ್ನು ಮೆಲ್ಲಗೆ ಒತ್ತಿ ಹಿಡಿಯಲು ಮಗನಿಗೋ ಮಗಳಿಗೋ ಹೇಳಿ, ಮೇಲುಭಾಗದ ಚೈನು ಬಿಗಿಯಾಗಲಿ. ಒಂದು ಪಿನ್ನಿನ ನಡುಮಧ್ಯಕ್ಕೆ ಸ್ಕೇಲಿನ ಸೊನ್ನೆ ಗೆರೆ ಹಿಡಿಯಿರಿ. ಗಮನಿಸಿ, ಸ್ಕೇಲಿನ ಅಂಚಲ್ಲ, ಸೊನ್ನೆಯ ಗೆರೆ. ಈಗ 12 ಇಂಚಿನ ಗೆರೆ ಎಲ್ಲಿದೆ ನೋಡಿ.

* 24ನೇ ಪಿನ್ನಿನ ಮಧ್ಯಕ್ಕೆ ಸರಿಯಾಗಿ ಬಂದರೆ ಚೈನು ಚೆನ್ನಾಗಿದೆ.
* ಪಿನ್ನು ಗೆರೆಯಿಂದ ಇಂಚಿನ ಹದಿನಾರನೇ ಒಂದು ಭಾಗ, ಅಂದರೆ ಸುಮಾರು ಒಂದೂವರೆ ಮಿ.ಮೀ. ಆಚೆ ಹೋಗಿದ್ದರೆ ಗೇರ್ ಸೈಕಲ್ಲಿಗೆ ಹೊಸ ಚೈನು ಹಾಕಿಸುವ ಕಾಲ ಬಂದಿದೆ. ಈ ಹಂತದಲ್ಲಿ ಬದಲಿಸಿದರೆ ಹಲ್ಲುಚಕ್ರ ಸಾಮಾನ್ಯವಾಗಿ ಉಳಿಯುತ್ತದೆ.
* ಇಂಚಿನ ಎಂಟನೇ ಒಂದು ಭಾಗ, ಅಂದರೆ ಸುಮಾರು 3 ಮಿ.ಮೀ. ಆಚೆ ಹೋಗಿದ್ದರೆ ಚೈನಿನ ಜೊತೆ ಹಿಂದಿನ ಹಲ್ಲುಚಕ್ರವನ್ನೂ ಬದಲಿಸಬೇಕಾಗಬಹುದು.

ಗೇರ್ ಇಲ್ಲದ ಸಾದಾ ಸೈಕಲ್ಲಿಗೆ ಸ್ವಲ್ಪ ರಿಯಾಯಿತಿ ಉಂಟು. ಅದರ ಹಲ್ಲುಗಳು ದಪ್ಪ, ಚೈನೂ ಅಗಲ. ಎಂಟನೇ ಒಂದು ಭಾಗದ ಹತ್ತಿರ ಬಂದಾಗ ಬದಲಿಸಿದರೂ ನಡೆಯುತ್ತದೆ. ಲೇಡೀಸ್ ಸೈಕಲ್‌ಗಳಲ್ಲಿ ಪೂರ್ತಿ ಚೈನ್ ಕವರ್ ಇದ್ದರೆ, ಸರ್ವೀಸಿಗೆ ಬಿಟ್ಟಾಗ ಅದನ್ನು ತೆಗೆಸಿ ನಿಮ್ಮೆದುರೇ ಅಳೆಯಲು ಹೇಳಿ.

ಎಷ್ಟು ದಿನಕ್ಕೊಮ್ಮೆ ನೋಡಬೇಕು ಅಂತೀರಾ? ಶಾಲೆ ನಾಲ್ಕು ಕಿ.ಮೀ. ದೂರ ಇದ್ದರೆ ಹೋಗಿ ಬರುವುದು ದಿನಕ್ಕೆ ಎಂಟು ಕಿ.ಮೀ. ಶಾಲೆ 200 ದಿನ ನಡೆದರೂ ವರ್ಷಕ್ಕೆ 1600 ಕಿ.ಮೀ. ಆಯಿತು! ದೂಳು, ಮಳೆ ಎರಡೂ ಇರುವ ರಸ್ತೆಗಳಲ್ಲಿ ಮೂರು ತಿಂಗಳಿಗೊಮ್ಮೆ ಅಳೆದರೆ ಒಳ್ಳೆಯದು.

ಕೊಂಡಿ ತೆಗೆದರೆ ರಿಪೇರಿ ಆಯಿತೇ?

ಸಾದಾ ಸೈಕಲ್ಲಿನ ಚೈನು ಜೋತುಬಿದ್ದರೆ ಹಿಂದಿನ ಚಕ್ರವನ್ನು ಹಿಂದಕ್ಕೆಳೆದು ಬಿಗಿ ಮಾಡುತ್ತಾರೆ. ಅದು ಸರಿ. ಚಕ್ರ ಎಳೆಯಲು ಇನ್ನು ಜಾಗವೇ ಇಲ್ಲ ಎಂದಾಗ ಕೆಲವರು ಚೈನಿನ ಒಂದು ಕೊಂಡಿ ತೆಗೆದು ‘ಆಯ್ತು ಹೋಗಿ’ ಅಂತಾರೆ. ಜೋಲು ಹೋಗುತ್ತದೆ, ಸವೆತ ಎಲ್ಲಿ ಹೋಗುತ್ತದೆ? ಉಳಿದ ಪಿನ್ನುಗಳೆಲ್ಲ ಸವೆದಂತೆಯೇ ಇರುತ್ತವಲ್ಲ! ಕೊಂಡಿ ತೆಗೆಯಬೇಕು ಎಂದ ದಿನವೇ ಸ್ಕೇಲ್ ಹಿಡಿಯಿರಿ.

ಹಲ್ಲುಗಳನ್ನೂ ನೋಡಿ

ಹಿಂದಿನ ಹಲ್ಲುಚಕ್ರಕ್ಕೆ ಶಾಪ್‌ನಲ್ಲಿ ಫ್ರೀವೀಲ್ ಅಂತಾರೆ. ಹೆಚ್ಚು ಗೇರಿನ ದುಬಾರಿ ಸೈಕಲ್‌ಗಳಲ್ಲಿ ಕ್ಯಾಸೆಟ್ ಇರುತ್ತದೆ. ಹಲ್ಲಿನ ಎರಡೂ ಬದಿ ಒಂದೇ ಸಮ ಇದ್ದರೆ ಚಿಂತೆಯಿಲ್ಲ. ಒಂದು ಬದಿ ಕೊರೆದುಹೋಗಿ, ಎಲ್ಲವೂ ಗರಗಸದಂತೆ ಒಂದೇ ಕಡೆಗೆ ವಾಲಿದ್ದರೆ ಆಯುಸ್ಸು ಮುಗಿದಿದೆ. ಒಂದು ಎಚ್ಚರಿಕೆ: ಗೇರ್ ಸೈಕಲ್ಲುಗಳಲ್ಲಿ ಚೈನು ಸುಲಭವಾಗಿ ಹತ್ತಿ ಇಳಿಯಲೆಂದು ಅಲ್ಲೊಂದು ಇಲ್ಲೊಂದು ಹಲ್ಲನ್ನು ಗಿಡ್ಡವಾಗಿ, ಓರೆಯಾಗಿ ಮಾಡಿರುತ್ತಾರೆ. ಅದು ಸವೆತವಲ್ಲ.

ಮುಂದೆ ತುಳಿದರೂ ಪೆಡಲ್ ಸುಮ್ಮನೆ ತಿರುಗಿ ಸೈಕಲ್ ಮುಂದೆ ಹೋಗದಿದ್ದರೆ ಫ್ರೀವೀಲ್ ಒಳಗಿನ ಪುಟ್ಟ ಕೊಕ್ಕೆಗಳು ಹಿಡಿಯುತ್ತಿಲ್ಲ ಎಂದರ್ಥ. ಗ್ರೀಸ್ ಗಟ್ಟಿಯಾಗಿದ್ದರೂ ಹೀಗಾಗುತ್ತದೆ. ತೊಳೆದು ಎಣ್ಣೆ ಬಿಟ್ಟು ನೋಡಲಿ. ಮತ್ತೆ ಜಾರಿದರೆ ಬದಲಿಸಲೇಬೇಕು. ಅಲ್ಲಿಯವರೆಗೆ ಮಗುವನ್ನು ಆ ಸೈಕಲ್ಲಿನಲ್ಲಿ ರಸ್ತೆಗೆ ಕಳಿಸಬೇಡಿ.

ಪೆಡಲ್ ಬಳಿಯ ದೊಡ್ಡ ಚೈನ್‌ವೀಲ್ ಹೆಚ್ಚು ದಿನ ಬಾಳುತ್ತದೆ. ಎರಡು ಮೂರು ಚೈನು ಬದಲಾದರೂ ಅದು ಗಟ್ಟಿ ಇರಬಹುದು. ಅದರ ಮುಂಬದಿಯಲ್ಲಿ ಚೈನನ್ನು ಬೆರಳಿನಿಂದ ಮುಂದಕ್ಕೆಳೆದು ನೋಡಿ. ಅರ್ಧ ಹಲ್ಲು ಕಾಣುವಷ್ಟು ಎದ್ದು ಬಂದರೆ ಚೈನೋ, ಹಲ್ಲೋ, ಎರಡೂ ಸವೆದಿವೆಯೋ ಎಂದು ಪರೀಕ್ಷಿಸಬೇಕು.

ಹಳೇ ಮಾದರಿಯ ಸೈಕಲ್ಲಿನಲ್ಲಿ ಪ್ರತಿ ಸುತ್ತಿಗೂ ಕಾಲಿಗೆ ‘ಟಕ್’ ಎಂದು ತಾಗಿದಂತಾದರೆ ಕಾಟರ್ ಪಿನ್ ಸವೆದಿರಬಹುದು. ಇದು ತೀರಾ ಅಗ್ಗದ ವಸ್ತು. ಆದರೆ ಹಾಗೇ ಓಡಿಸಿದರೆ ಒಳಗಿನ ಆಕ್ಸೆಲ್ಲೇ ಹಾಳಾಗುತ್ತದೆ. ಕಾಟರ್ ಪಿನ್ ಇಲ್ಲದ ಹೊಸ ಸೈಕಲ್ಲಿನಲ್ಲಿ ಪೆಡಲಿನ ತೋಳು ಅಲುಗಾಡಿದರೆ ಅಂದೇ ಬೋಲ್ಟ್ ಬಿಗಿ ಮಾಡಿಸಿ. ಸಡಿಲವಾಗಿಯೇ ತುಳಿದರೆ ಅಲ್ಯೂಮಿನಿಯಂ ತೋಳಿನ ತೂತು ಅಗಲವಾಗಿ, ತೋಳನ್ನೇ ಬದಲಿಸಬೇಕಾಗುತ್ತದೆ.

ಶಾಪ್‌ನಲ್ಲಿ ಏನು ಕೇಳಬೇಕು?

‘ಎಲ್ಲ ಹೋಗಿದೆ, ಫುಲ್ ಸೆಟ್ ಹಾಕಬೇಕು’ ಎಂದರೆ ಗಾಬರಿಯಾಗಬೇಡಿ. ‘ಚೈನು ಎಷ್ಟು ಉದ್ದವಾಗಿದೆ, ಅಳೆದು ತೋರಿಸಿ’ ಎಂದು ಕೇಳಿ. ಒಳ್ಳೆಯ ಮೆಕ್ಯಾನಿಕ್ ಬೇಸರ ಮಾಡಿಕೊಳ್ಳುವುದಿಲ್ಲ. ಗೇರ್ ಸೈಕಲ್ಲಾದರೆ ಹಿಂದೆ ಎಷ್ಟು ಹಲ್ಲುಚಕ್ರಗಳಿವೆ ಎಂದು ಎಣಿಸಿಕೊಂಡು ಹೋಗಿ. ಆರು, ಏಳು, ಎಂಟಕ್ಕೆ ಸಾಮಾನ್ಯವಾಗಿ ಒಂದೇ ಬಗೆಯ ಚೈನು ಆಗುತ್ತದೆ. ಒಂಬತ್ತರ ನಂತರ ಬೇರೆ ಬೇರೆ. ಹೊಸ ಚೈನು ಹಾಕಿಸಿದ ಮೇಲೆ ಖಾಲಿ ರಸ್ತೆಯಲ್ಲಿ ದೊಡ್ಡವರು ಯಾರಾದರೂ ಸೀಟಿನಲ್ಲಿ ಕೂತೇ, ಪ್ರತಿ ಗೇರಿನಲ್ಲೂ ಒತ್ತಿ ತುಳಿದು ನೋಡಲಿ. ಜಾರಿದರೆ ವಾಪಸ್ ಶಾಪ್‌ಗೆ. ಆಮೇಲೆ ಮಕ್ಕಳ ಕೈಗೆ.

ನೆನಪಿರಲಿ

* ಹದಿನೈದು ದಿನಕ್ಕೊಮ್ಮೆ, ಮಳೆಯಲ್ಲಿ ನೆಂದ ದಿನ ತಪ್ಪದೆ, ಚೈನು ಒರೆಸಿ. ಜಿಡ್ಡು ಹೆಚ್ಚಿದ್ದರೆ ಹಳೇ ಟೂತ್‌ಬ್ರಷ್, ಪಾತ್ರೆ ಸೋಪಿನ ನೀರು ಸಾಕು. ಚೆನ್ನಾಗಿ ಒಣಗಿದ ಮೇಲೆಯೇ ಎಣ್ಣೆ.
* ಪ್ರತಿ ಕೊಂಡಿಗೆ ಒಂದೊಂದೇ ಹನಿ ಚೈನ್ ಎಣ್ಣೆ. ಪೆಡಲ್ ಕೆಲವು ಸುತ್ತು ತಿರುಗಿಸಿ, ಹೊರಗಿನದನ್ನು ಪೂರ್ತಿ ಒರೆಸಿಬಿಡಿ. ಹೊರಗೆ ಉಳಿದ ಎಣ್ಣೆ ದೂಳನ್ನು ಕರೆಯುತ್ತದೆ.
* ಕೊಬ್ಬರಿ ಎಣ್ಣೆ, ಅಡುಗೆ ಎಣ್ಣೆ ಬೇಡ, ಅಂಟಾಗುತ್ತದೆ. ಗ್ಯಾರೇಜಿನ ಹಳೇ ಎಂಜಿನ್ ಆಯಿಲ್ಲೂ ಬೇಡ, ಅದರಲ್ಲಿ ಲೋಹದ ಪುಡಿ ಇರುತ್ತದೆ.
* ಒರೆಸುವಾಗ ಬಟ್ಟೆಯನ್ನು ಚೈನಿನ ಕೆಳಭಾಗದಲ್ಲಿ ಹಿಡಿದು ಪೆಡಲನ್ನು ಹಿಂದಕ್ಕೆ ತಿರುಗಿಸಿ. ಹಲ್ಲಿನ ಹತ್ತಿರ ಬೆರಳು ಬೇಡ. ಚಿಕ್ಕ ಮಕ್ಕಳನ್ನು ದೂರವಿಡಿ.
* ಅಣ್ಣನ ಸೈಕಲ್ ತಂಗಿಗೆ ಕೊಡುವ ಮುನ್ನ ಚೈನು, ಫ್ರೀವೀಲ್, ಪೆಡಲ್ ತೋಳು ಈ ಮೂರನ್ನೂ ಪರೀಕ್ಷಿಸಿ.
* ಹೊಸ ಚೈನು ಹಾಕಿಸಿದ ತಾರೀಖನ್ನು ಗ್ಯಾಸ್ ಬುಕ್ ಮಾಡಿದ ತಾರೀಖಿನಂತೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿ.

ಒಂದು ಸ್ಕೇಲ್, ಒಂದು ಹಳೇ ಬನಿಯನ್, ಐದು ನಿಮಿಷ. ಈ ಭಾನುವಾರ ಮಕ್ಕಳನ್ನೂ ಕೂರಿಸಿಕೊಂಡು ಅಳೆದೇ ಬಿಡಿ. ಅವರೂ ಕಲಿಯಲಿ, ಮುಂದಿನ ಸಲ ಅವರೇ ನಿಮಗೆ ಅಳತೆ ಹೇಳಲಿ.