ಹಿರಿಯ ಆಟಗಾರರೂ ವೇತನದ ಮಿತಿಯೂ

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಫುಟ್‌ಬಾಲ್ ಎಂಬ ಹೆಸರಿನಿಂದ ನಡೆಯುವ ಆಟವು ನಾವು ಬಲ್ಲ ಕಾಲ್ಚೆಂಡಾಟವಲ್ಲ. ಅಲ್ಲಿ ಚೆಂಡು ಕಾಲಿಗಿಂತ ಕೈಯಲ್ಲಿಯೇ ಹೆಚ್ಚು ಹೊತ್ತು ಇರುತ್ತದೆ. ಈ ಆಟದ ನ್ಯಾಷನಲ್ ಫುಟ್‌ಬಾಲ್ ಲೀಗಿನಲ್ಲಿ, ಯಾವ ತಂಡವೂ ಆಟಗಾರರ ವೇತನಕ್ಕೆ ನಿಗದಿಯಾದ ಮೊತ್ತವನ್ನು ಮೀರಿ ವೆಚ್ಚ ಮಾಡಬಾರದೆಂಬ ಮಿತಿ 1994ರಲ್ಲಿ ಜಾರಿಗೆ ಬಂದಿತು. ಸೇವೆಯ ವರ್ಷಗಳು ಹೆಚ್ಚಿದಂತೆ ಕನಿಷ್ಠ ವೇತನವೂ ಏರಬೇಕೆಂಬುದು ಇನ್ನೊಂದು ನಿಯಮ. 2024ರಲ್ಲಿ ಹೊಸಬನಿಗೆ 7,95,000 ಡಾಲರು. ಏಳು ವರ್ಷ ಅಥವಾ ಅದಕ್ಕೂ ಹೆಚ್ಚು ಆಡಿದವನಿಗೆ 12,10,000. ಬೇರೆಬೇರೆಯಾಗಿ ನೋಡಿದರೆ ಎರಡೂ ನ್ಯಾಯವಾದ ನಿಯಮಗಳೇ. ಕೂಡಿದಾಗ ಮಾತ್ರ ವಿಪರೀತ ಫಲವುಂಟಾಗುತ್ತದೆ: ಹಿರಿಯನ ರಕ್ಷಣೆಗೆಂದು ಗೊತ್ತುಮಾಡಿದ ಏರಿಕೆಯೇ ಅವನಿಗೆ ಕೆಲಸ ತಪ್ಪುವುದಕ್ಕೆ ಕಾರಣವಾಗುತ್ತದೆ.

ಇದಕ್ಕೆ ಕಂಡುಕೊಂಡ ಉಪಾಯ ಜಾಣತನದ್ದು. ನಾಲ್ಕು ವರ್ಷಕ್ಕೆ ಕಡಮೆಯಿಲ್ಲದ ಸೇವೆಯುಳ್ಳವನು ತನ್ನ ದರ್ಜೆಯ ಕನಿಷ್ಠ ವೇತನಕ್ಕೆ ಒಂದು ವರ್ಷದ ಕರಾರು ಮಾಡಿಕೊಂಡರೆ, ಮಿತಿಯ ಲೆಕ್ಕಕ್ಕೆ ಹಿಡಿಯುವುದು ಎರಡು ವರ್ಷ ಆಡಿದವನ ಕನಿಷ್ಠ ವೇತನವನ್ನು ಮಾತ್ರ; 2024ರಲ್ಲಿ ಅದು 9,85,000 ಡಾಲರು. ಆಟಗಾರನ ಕೈಗೆ ಪೂರ್ಣ ವೇತನವೇ ಸೇರುತ್ತದೆ. ಏಳು ವರ್ಷದವನ ವಿಷಯದಲ್ಲಿ ವ್ಯತ್ಯಾಸವಾದ 2,25,000 ಡಾಲರನ್ನು ಲೀಗಿನ ಸಾಮಾನ್ಯ ನಿಧಿಯು ಭರಿಸುತ್ತದೆ. ಆದರೂ ಲೆಕ್ಕದಲ್ಲಿ ಹಿರಿಯನು ಹೊಸಬನಿಗಿಂತ ಇನ್ನೂ 1,90,000 ಡಾಲರು ದುಬಾರಿಯಾಗಿಯೇ ಉಳಿಯುತ್ತಾನೆ.